ತಂತಿ ಹೋಯಿತು, ಬೀಗ ಬಂತು

ಓದುಗ ಮಿತ್ರರಲ್ಲಿ ಮೊದಲೇ ಒಂದು ಅರಿಕೆ. ಈ ಸಲದ ಬರಹದಲ್ಲಿ ನೆನಪಿಗಿಂತ ಕೋಪದ ಪಾಲು ಹೆಚ್ಚಾಗಿದೆ. ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ನಿಂತವನಿಗೆ ಕೋಪವನ್ನು ನುಂಗಿಕೊಳ್ಳುವ ಅಭ್ಯಾಸ ಇರಬೇಕಾಗಿತ್ತು. ಇತ್ತು ಕೂಡ. ಆದರೆ ಈಚೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಸಂಗತಿ ಅದನ್ನು ಕೆಡಿಸಿತು.

1979ರಲ್ಲಿ ನಮ್ಮ ಶಾಲೆಗೆ ಊರಿನ ಅಡಿಕೆ ಬೆಳೆಗಾರರು ಚಂದಾ ಎತ್ತಿ ಒಂದು ಟೇಪ್ ರೆಕಾರ್ಡರ್ ಕೊಡಿಸಿದರು. ಆಗಿನ ಮುಖ್ಯೋಪಾಧ್ಯಾಯರು ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಲು ಹೊರಟಿದ್ದರು. ನಾನು ಕಾಡಿ ಬೇಡಿ ಹೊರಗೆ ತೆಗೆಸಿದೆ. ಅಂದಿನಿಂದ ನಿವೃತ್ತನಾಗುವವರೆಗೂ ಮಕ್ಕಳ ಕಂಠಪಾಠ, ವಾರ್ಷಿಕೋತ್ಸವದ ನಾಟಕ, ಭಾಷಣ ಸ್ಪರ್ಧೆ, ಮಳೆಗಾಲದ ಮಧ್ಯಾಹ್ನಗಳಲ್ಲಿ ಹೊತ್ತು ಹೋಗದೆ ಹೇಳಿಸಿದ ಒಗಟು, ಗಾದೆ, ಅಜ್ಜಿಕಥೆಗಳನ್ನೆಲ್ಲ ಧ್ವನಿಸುರುಳಿಗಳಲ್ಲಿ ತುಂಬುತ್ತ ಹೋದೆ. ಎಲ್ಲ ಸೇರಿ 140 ಸುರುಳಿಗಳಾದವು. ನಿವೃತ್ತಿಯ ನಂತರ ಎರಡು ವರ್ಷ ಕುಳಿತು ಅವನ್ನು ಒಂದೊಂದಾಗಿ ಗಣಕಕ್ಕೆ ಇಳಿಸಿದೆ. ಈ ಕೆಲಸದಲ್ಲಿ ಅಡ್ಡದಾರಿಯಿಲ್ಲ. ಒಂದು ಗಂಟೆಯ ಸುರುಳಿಯನ್ನು ಇಳಿಸಲು ಒಂದು ಗಂಟೆಯೇ ಬೇಕು. ಅಡಾಸಿಟಿ ಎಂಬ ಉಚಿತ ತಂತ್ರಾಂಶ ನನಗೆ ನೆರವಾಯಿತು. ಸಿ.ಡಿ. ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿ ಸುಮಾರು 635 ಮೆಗಾಬೈಟ್ ಜಾಗ ಹಿಡಿಯುತ್ತದೆ. ಅದನ್ನು ಫ್ಲಾಕ್ ರೂಪಕ್ಕೆ ಮಡಿಚಿದರೆ ಒಂದಕ್ಷರವೂ ಕಳೆಯದೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಮಕ್ಕಳ ದನಿ ನನ್ನ ಮಹಡಿಯ ಕೋಣೆಯ ಗಣಕದಲ್ಲಿ ಬಂದು ಸೇರಿತು.

ಸ್ಟೀರಿಯೋ ಇರುವುದು ಕೆಳಗೆ, ಪಡಸಾಲೆಯಲ್ಲಿ. 1987ರಲ್ಲಿ ಬಾಕಿ ಸಂಬಳದ ಹಣ ಒಟ್ಟಿಗೆ ಬಂದಾಗ, ಮನೆಯವಳ ಬಳೆಯ ಆಸೆಯನ್ನು ಮುಂದೂಡಿ ಕೊಂಡ ಕಲ್ಕತ್ತೆಯ ಆಂಪ್ಲಿಫೈಯರ್ ಮತ್ತು ಮೊಣಕಾಲೆತ್ತರದ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳು. (ಆ ಬಳೆಯ ಸಂಗತಿ ಇಂದಿಗೂ ಇತ್ಯರ್ಥವಾಗಿಲ್ಲ.) ಈ ಮೂವತ್ತೆಂಟು ವರ್ಷಗಳಲ್ಲಿ ಅದು ಎರಡು ಬಾರಿ ಕೆಟ್ಟಿದೆ. ಮೊದಲ ಸಲ ಶಿವಮೊಗ್ಗದ ಗಾಂಧಿ ಬಜಾರಿನ ಬಳಿಯ ರೇಡಿಯೋ ರಿಪೇರಿಯ ಸಾಬರು ಮುಚ್ಚಳ ಬಿಚ್ಚಿ, ಉಬ್ಬಿದ ಒಂದು ಕಂಡೆನ್ಸರನ್ನು ತೋರಿಸಿ, ಬೇರೆಯದನ್ನು ಬೆಸೆದುಕೊಟ್ಟರು. ಎರಡನೆಯ ಸಲ ವಾಲ್ಯೂಮಿನ ಗುಂಡಿ ಕರಕರ ಎನ್ನತೊಡಗಿತು. ಅದಕ್ಕೆ ಏನೋ ಸಿಂಪಡಿಸಿ ನಾಲ್ಕು ಸಲ ತಿರುಗಿಸಿದರು, ಸರಿಹೋಯಿತು. ಆಂಪ್ಲಿಫೈಯರ್ ತಯಾರಿಸಿದವರಿಗೆ ಈ ಎರಡು ಸಂಗತಿಗಳೂ ತಿಳಿದಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಮಹಡಿಯ ಗಣಕದಿಂದ ಕೆಳಗಿನ ಸ್ಟೀರಿಯೋಗೆ ತಂತಿ ಎಳೆಯುವುದೆಂದರೆ ಗೋಡೆ ಕೊರೆಯಬೇಕು. ವಿದೇಶದಲ್ಲಿರುವ ಮಗ 2016ರಲ್ಲಿ ರಜೆಗೆ ಬಂದಾಗ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ತಂದು ಆಂಪ್ಲಿಫೈಯರಿನ ಹಿಂದೆ ಸಿಕ್ಕಿಸಿದ. ಮಹಡಿಯಲ್ಲಿ ಹಾಡು ಹಚ್ಚಿದರೆ ನಿಸ್ತಂತು ಮಾರ್ಗದಲ್ಲಿ ಹರಿದುಬಂದು ಪಡಸಾಲೆಯಲ್ಲಿ ಕೇಳುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ರೋಮಾಂಚನವಾಯಿತು. ಅಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳು ಬಂದಾಗಲೆಲ್ಲ ಅವರವರ ಬಾಲ್ಯದ ದನಿಯನ್ನು ಹುಡುಕಿ ಕೇಳಿಸುವುದು ನಮ್ಮ ಮನೆಯಲ್ಲಿ ಕಾಫಿ ಕೊಟ್ಟಷ್ಟೇ ವಾಡಿಕೆಯಾಯಿತು. ದಪ್ಪ ಮೀಸೆಯ ತಹಸೀಲ್ದಾರರೊಬ್ಬರು ತಮ್ಮ ಹದಿಮೂರರ ಮಗ್ಗಿಯನ್ನು ಕೇಳಿ, ಹದಿಮೂರೇಳಲ ಎಂಬಲ್ಲಿ ಅಂದು ತಡವರಿಸಿದಂತೆಯೇ ಇಂದೂ ತಡವರಿಸಿದ್ದನ್ನು ನಾನು ಕಂಡಿದ್ದೇನೆ.

ಕಳೆದ ವರ್ಷ, 2025ರ ಜನವರಿಯಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಬಂದಳು. 1984ರಲ್ಲಿ ಅವಳು ಏಳನೆಯ ತರಗತಿ, ಅವಳ ತಮ್ಮ ಐದನೆಯದು. ಆ ತಮ್ಮ 2021ರಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡ. "ಸಾರ್, ಅವನು ನಾಟಕದಲ್ಲಿ ದ್ವಾರಪಾಲಕನ ಮಾತು ಹೇಳಿದ್ದು ನಿಮ್ಮ ಹತ್ತಿರ ಇರಬಹುದು ಅಂತ ಬಂದೆ. ಫೋಟೋಗಳು ಬೇಕಾದಷ್ಟು ಇವೆ. ದನಿ ಒಂದೂ ಇಲ್ಲ" ಎಂದಳು. "ಇದೆ ಕಣಮ್ಮ, ಕೂತ್ಕೋ" ಎಂದು ನಾನು ಉತ್ಸಾಹದಿಂದ ಮಹಡಿ ಹತ್ತಿದೆ.

ಪೆಟ್ಟಿಗೆ ಸಿಗಲಿಲ್ಲ. ಅದು ಅಲ್ಲಿಯೇ ಇತ್ತು, ದೀಪವೂ ಉರಿಯುತ್ತಿತ್ತು. ಆದರೆ ಗಣಕಕ್ಕೆ ಕಾಣಿಸಲಿಲ್ಲ. ಅದನ್ನು ನಡೆಸುವ ತಂತ್ರಾಂಶ, ಹೊಸ ಆವೃತ್ತಿಗೆ ಬದಲಾಗಬೇಕೆಂದಿತು. ಬದಲಾಯಿಸಿದೆ. ಹೊಸ ಆವೃತ್ತಿ ತೆರೆದುಕೊಂಡು, ಈ ಮಾದರಿಯ ಸಾಧನಕ್ಕೆ ಇನ್ನು ಬೆಂಬಲವಿಲ್ಲ ಎಂಬ ಒಂದೇ ಸಾಲನ್ನು ತೋರಿಸಿತು. ಮುಕ್ಕಾಲು ಗಂಟೆ ಹೆಣಗಿದೆ. ಕೆಳಗೆ ಅವಳ ಕಾಫಿ ಆರಿಹೋಗಿತ್ತು. ಕಡೆಗೆ ಆ ಕಡತವನ್ನು ಮೊಮ್ಮಗಳ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದು ಅದರ ತೊಡೆಯೊಳಗಿನ ಪುಟ್ಟ ಸ್ಪೀಕರಿನಲ್ಲಿಯೇ ಕೇಳಿಸಿದೆ. ಡಬ್ಬಿಯಲ್ಲಿ ಕೂಡಿಹಾಕಿದ ಜೀರುಂಡೆಯಂತೆ ಆ ಹುಡುಗನ ದನಿ ಬಂತು. ಅವಳು ಕಿವಿಯನ್ನು ಯಂತ್ರದ ಹತ್ತಿರಕ್ಕೆ ತಂದು ಬಗ್ಗಿ ಕೇಳಿದಳು. ಏನೂ ಹೇಳದೆ, ಕೈ ಮುಗಿದು ಹೊರಟುಹೋದಳು. ನಾಲ್ಕು ಅಡಿ ದೂರದಲ್ಲಿ ಮೂವತ್ತೆಂಟು ವರ್ಷದ ಆಂಪ್ಲಿಫೈಯರ್ ಸರ್ವಸನ್ನದ್ಧವಾಗಿ ನಿಂತಿತ್ತು.

ಆ ಪೆಟ್ಟಿಗೆಯನ್ನು ಮಾಡಿದ ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅದೊಂದೇ ಕೆಟ್ಟದ್ದು, ಉಳಿದವರು ಸಂಭಾವಿತರು ಎಂಬ ಭಾವನೆ ಬಂದೀತು. ಇದು ಒಬ್ಬರ ತಪ್ಪಲ್ಲ, ಒಂದು ಇಡೀ ವ್ಯಾಪಾರದ ರೀತಿ. ಲೋಕಕ್ಕೆಲ್ಲ ತಿಳಿದಿರುವ ಕೆಲವು ಸಂಗತಿಗಳನ್ನೇ ನೋಡೋಣ.

ಗೂಗಲ್ ಸಂಸ್ಥೆ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಬಿಲ್ಲೆಯನ್ನು ತಂದಿತು. ಹಳೆಯ ಸ್ಟೀರಿಯೋದ ಬೆನ್ನಿಗೆ ಸಿಕ್ಕಿಸುವುದಕ್ಕೆಂದೇ ಮಾಡಿದ್ದು, ಒಳ್ಳೆಯ ವಸ್ತು, ಅಗ್ಗವೂ ಹೌದು. 2019ರಲ್ಲಿ ಅದರ ತಯಾರಿಕೆ ನಿಂತಿತು. ನಿಲ್ಲಲಿ, ತಪ್ಪಿಲ್ಲ. ಆದರೆ 2025ರ ಮಾರ್ಚಿಯಲ್ಲಿ ಒಂದು ದಿನ ಲೋಕದಾದ್ಯಂತ ಆ ಬಿಲ್ಲೆಗಳು ಒಟ್ಟಿಗೇ ಕೈಕೊಟ್ಟವು. ಯಾವುದರಲ್ಲಿಯೂ ಯಾವ ಭಾಗವೂ ಸುಟ್ಟಿರಲಿಲ್ಲ. ಹತ್ತು ವರ್ಷಕ್ಕೆಂದು ಬರೆದಿಟ್ಟ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ. ಫೋನು ಆ ಬಿಲ್ಲೆಯನ್ನು ನೋಡಿ, ಇದು ನಂಬಿಕೆಗೆ ಅರ್ಹವಲ್ಲ ಎಂದು ಮುಖ ತಿರುಗಿಸಿತು. ಕಂಪನಿಯವರು ಕೆಲವು ದಿನಗಳಲ್ಲಿ ಸರಿಪಡಿಸಿದರು ಎಂಬುದನ್ನೂ ಹೇಳಬೇಕು. ಅವರು ಮನಸ್ಸು ಮಾಡಿದ್ದರಿಂದ ಸರಿಹೋಯಿತು. ಮಾಡದಿದ್ದರೆ? ನಮ್ಮ ಸಾಬರು ಏನು ಬೆಸೆಯಬಹುದಾಗಿತ್ತು?

ಸೋನೋಸ್ ಎಂಬ ಅಮೆರಿಕದ ಕಂಪನಿ ಮನೆಯ ಕೋಣೆಕೋಣೆಗೂ ನಿಸ್ತಂತು ಸಂಗೀತ ಹರಿಸುವುದರಲ್ಲಿ ಹೆಸರು ಮಾಡಿದ್ದು. ಅದು ಹಳೆಯ ಯಂತ್ರ ಇರುವವರಿಗೆ ಹೊಸದರ ಮೇಲೆ ಶೇಕಡಾ 30 ರಿಯಾಯಿತಿ ಕೊಡುತ್ತೇವೆ ಎಂದಿತು. ಅದಕ್ಕೊಂದು ಷರತ್ತಿತ್ತು. ಹಳೆಯದರಲ್ಲಿ 'ಮರುಬಳಕೆ ಸ್ಥಿತಿ' ಎಂಬುದನ್ನು ಒತ್ತಬೇಕು. ಒತ್ತಿದ 21 ದಿನಗಳಲ್ಲಿ ಆ ಯಂತ್ರ ಶಾಶ್ವತವಾಗಿ ಸಾಯುತ್ತಿತ್ತು. ಸರಿಯಾಗಿ ಹಾಡುತ್ತಿದ್ದ ಯಂತ್ರವನ್ನು ಇನ್ನೊಬ್ಬರಿಗೆ ಕೊಡಲಾಗದಂತೆ ಕೊಲ್ಲುವುದಕ್ಕೆ ಮರುಬಳಕೆ ಎಂದು ಹೆಸರಿಟ್ಟವರ ಭಾಷಾಪ್ರಯೋಗಕ್ಕೆ ಭಾಷೆಯ ಮೇಷ್ಟ್ರಾಗಿ ನಾನು ಸೊನ್ನೆ ಅಂಕ ಕೊಡುತ್ತೇನೆ. ಜನ ಕೂಗೆಬ್ಬಿಸಿದ ಮೇಲೆ 2020ರಲ್ಲಿ ಅದನ್ನು ಕೈಬಿಟ್ಟರು. ಅದೇ ಕಂಪನಿ 2024ರ ಮೇ ತಿಂಗಳಲ್ಲಿ ತನ್ನ ಫೋನಿನ ತಂತ್ರಾಂಶವನ್ನು ಹೊಸದಾಗಿ ಬರೆದು ಹಂಚಿತು. ಬೆಳಗಾಗುವಷ್ಟರಲ್ಲಿ ಹಲವು ಸೌಲಭ್ಯಗಳು ಮಾಯವಾಗಿದ್ದವು. ಮನೆಯ ಗಣಕದಲ್ಲಿಟ್ಟ ಸ್ವಂತ ಸಂಗೀತವನ್ನು ಹುಡುಕುವುದೇ ಕಷ್ಟವಾಯಿತು, ಕಣ್ಣಿಲ್ಲದವರು ಬಳಸುವ ಓದುವ ಸೌಲಭ್ಯವೂ ಕೆಟ್ಟಿತು. ಮುಖ್ಯಸ್ಥರು ಕ್ಷಮೆ ಕೇಳಿದರು. 2025ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಹಣ ಕೊಟ್ಟು ಕೊಂಡು ಮನೆಯಲ್ಲಿಟ್ಟುಕೊಂಡ ವಸ್ತುವನ್ನು, ರಾತ್ರಿ ನಾವು ಮಲಗಿದ್ದಾಗ, ಮಾರಿದವನು ಬಂದು ಬಿಚ್ಚಿ ಜೋಡಿಸಿ ಹೋಗುವುದೆಂದರೆ ಏನು? ಮರಗೆಲಸದವನು ಹೀಗೆ ಮಾಡಿದರೆ ಪೊಲೀಸರನ್ನು ಕರೆಯುತ್ತಿದ್ದೆವು.

ಇದನ್ನು ನನ್ನ ತಂಗಿಯ ಮೊಮ್ಮಗನೆದುರು ಹೇಳಿದೆ. ಅವನು ತಂತ್ರಾಂಶದ ಕೆಲಸದವನು. "ಅಜ್ಜ, ಅದೆಲ್ಲ ತುಂಬ ಜಟಿಲವಾದ ತಂತ್ರಜ್ಞಾನ, ರೇಡಿಯೋ ಹಾಗಲ್ಲ" ಎಂದ. ಜಟಿಲತೆ ಎಷ್ಟೆಂದು ಲೆಕ್ಕ ಹಾಕೋಣ ಎಂದೆ. ಸಿ.ಡಿ.ಯ ಸಂಗೀತವೆಂದರೆ ಒಂದು ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 16 ಬಿಟ್, ಎಡ ಬಲ ಎಂದು ಎರಡು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. 2003ರಲ್ಲಿ ಬಂದ ವೈ-ಫೈಗೇ ಕಾಗದದ ಮೇಲೆ ಸೆಕೆಂಡಿಗೆ 540 ಲಕ್ಷ ಬಿಟ್ ಸಾಗಿಸುವ ಶಕ್ತಿಯಿತ್ತು. ಸಂಗೀತಕ್ಕೆ ಬೇಕಾದದ್ದು ಅದರಲ್ಲಿ ಸುಮಾರು 38ರಲ್ಲಿ ಒಂದು ಪಾಲು. ನಿಜವಾದ ತೊಡಕು ಇರುವುದು ಬೇರೆ ಕಡೆ. ನಿಸ್ತಂತು ಮಾರ್ಗದಲ್ಲಿ ಸಂಗೀತ ಹೊಳೆಯಂತೆ ಹರಿಯುವುದಿಲ್ಲ, ಕೊಡಕೊಡವಾಗಿ ಬರುತ್ತದೆ. ಒಂದು ಕೊಡ ಬೇಗ, ಇನ್ನೊಂದು ತಡ, ಮತ್ತೊಂದು ದಾರಿಯಲ್ಲಿ ಒಡೆದು ಇನ್ನೊಮ್ಮೆ ತರಿಸಬೇಕು. ಆದ್ದರಿಂದ ಸ್ಟೀರಿಯೋದ ಹತ್ತಿರ ಒಂದು ತೊಟ್ಟಿ ಕಟ್ಟಿ, ಮೊದಲು ತುಂಬಿಸಿ, ಅಲ್ಲಿಂದ ನಲ್ಲಿಯಲ್ಲಿ ಸಮನಾಗಿ ಬಿಡುತ್ತಾರೆ. ಆಪಲ್ ಕಂಪನಿಯ ಏರ್‌ಟ್ಯೂನ್ಸಿನಲ್ಲಿ ಈ ತೊಟ್ಟಿ ಸುಮಾರು ಎರಡು ಸೆಕೆಂಡಿನದು. ಹಾಡು ಹಚ್ಚಿದ ಮೇಲೆ ಎರಡು ಸೆಕೆಂಡು ಮೌನವಿರುವುದು ಇದಕ್ಕಾಗಿಯೇ. ಕಳಿಸುವ ಯಂತ್ರದ ಗಡಿಯಾರಕ್ಕೂ ಕೇಳಿಸುವ ಯಂತ್ರದ ಗಡಿಯಾರಕ್ಕೂ ಇರುವ ಕೂದಲೆಳೆಯ ವ್ಯತ್ಯಾಸವನ್ನೂ ಆಗಾಗ ಸರಿಪಡಿಸಿಕೊಳ್ಳಬೇಕು. ಇದು ಬುದ್ಧಿವಂತಿಕೆಯ ಕೆಲಸ, ಒಪ್ಪುತ್ತೇನೆ. ಆದರೆ ಇಪ್ಪತ್ತು ವರ್ಷಗಳ ಹಿಂದೆಯೇ ಬಗೆಹರಿದ ಕೆಲಸ. ನನ್ನ ಪೆಟ್ಟಿಗೆ ನಿಂತದ್ದು ತೊಟ್ಟಿ ಸೋರಿದ್ದರಿಂದಲ್ಲ, ನೀರು ಬಿಡುವವನು ನಿಮ್ಮ ಮನೆಯ ನಂಬರ್ ಪಟ್ಟಿಯಲ್ಲಿಲ್ಲ ಎಂದದ್ದರಿಂದ.

ರೇಡಿಯೋ ಹಾಗಲ್ಲ ಎಂದನಲ್ಲ, ಆ ಮಾತಿಗೆ ಬರುತ್ತೇನೆ. ನಿಸ್ತಂತು ಎಂಬುದು ನಮಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರ ಕೇಂದ್ರ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದು ಅಲ್ಲಿಂದ. ಅವರ ಪ್ರಸಾರವನ್ನು ಕೇಳಲು ಅವರೇ ಮಾರಿದ ರೇಡಿಯೋ ಬೇಕಾಗಿರಲಿಲ್ಲ. ನನ್ನ ಬಾಲ್ಯದಲ್ಲಿಯೂ ಅಷ್ಟೇ. ನಮ್ಮ ಮನೆಯಲ್ಲಿ ಮರ್ಫಿ, ಪಕ್ಕದ ಮನೆಯಲ್ಲಿ ಬುಷ್, ಸೊಸೈಟಿ ಕಚೇರಿಯಲ್ಲಿ ಫಿಲಿಪ್ಸ್. ಭದ್ರಾವತಿ ಕೇಂದ್ರ ಮೂರರಲ್ಲಿಯೂ ಒಂದೇ ರೀತಿ ಕೇಳುತ್ತಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸಿನ ಹಣ ಕಟ್ಟುತ್ತಿದ್ದೆವು, ನಿಜ. ಕಟ್ಟದಿದ್ದರೆ ದಂಡ ಬೀಳುತ್ತಿತ್ತು. ಆದರೆ ರೇಡಿಯೋ ತಾನೇ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ! ಹಳೆಯ ಮೀಡಿಯಂ ವೇವ್ ರೇಡಿಯೋದ ತಯಾರಕ ದಿವಾಳಿಯೆದ್ದರೂ ರೇಡಿಯೋಗೆ ಆ ಸುದ್ದಿ ಮುಟ್ಟುತ್ತಿರಲಿಲ್ಲ. ಕಳಿಸುವವನಿಗೂ ಕೇಳುವವನಿಗೂ ನಡುವಿನ ಒಪ್ಪಂದ ಊರಿಗೆಲ್ಲ ತಿಳಿದ ಒಪ್ಪಂದವಾಗಿತ್ತು. ಇಂದಿನ ನಿಸ್ತಂತು ಪೆಟ್ಟಿಗೆಗಳಲ್ಲಿ ಆ ಒಪ್ಪಂದವನ್ನು ಗುಟ್ಟು ಮಾಡಿದ್ದಾರೆ.

ಗುಟ್ಟು ಹೇಗೆ ರಟ್ಟಾಯಿತೆಂಬುದಕ್ಕೆ ಒಂದು ಸೊಗಸಾದ ಕಥೆಯಿದೆ. ಆಪಲ್ 2004ರಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಪೆಟ್ಟಿಗೆಯನ್ನು ತಂದಾಗ, ಗಣಕದಿಂದ ಅದಕ್ಕೆ ಹೋಗುವ ಸಂಗೀತವನ್ನು ರಹಸ್ಯ ಲಿಪಿಯಲ್ಲಿ ಕಟ್ಟಿ ಕಳಿಸುವ ಏರ್ಪಾಡು ಮಾಡಿತು. ಬಿಚ್ಚುವ ಕೀಲಿ ಪೆಟ್ಟಿಗೆಯ ಹೊಟ್ಟೆಯಲ್ಲಿತ್ತು. 2011ರಲ್ಲಿ ಜೇಮ್ಸ್ ಲೇರ್ಡ್ ಎಂಬಾತನ ಗೆಳತಿ ಮನೆ ಬದಲಾಯಿಸಿದಾಗ ಅವಳ ಪೆಟ್ಟಿಗೆ ಹೊಸ ಮನೆಯ ವೈ-ಫೈ ಜೊತೆ ಹೊಂದಿಕೊಳ್ಳಲಿಲ್ಲವಂತೆ. ಅವನು ಅಂಟು ಹಾಕಿ ಮುಚ್ಚಿದ್ದ ಅದನ್ನು ಕೈಗೆ ಗಾಯ ಮಾಡಿಕೊಂಡು ಬಿಡಿಸಿ, ಒಳಗಿನ ಕೀಲಿಯನ್ನು ಓದಿ, ಶೇರ್‌ಪೋರ್ಟ್ ಎಂಬ ತಂತ್ರಾಂಶ ಬರೆದು ಲೋಕಕ್ಕೆಲ್ಲ ಹಂಚಿಬಿಟ್ಟ. ಅದರಿಂದ ಯಾವ ಹಳೆಯ ಗಣಕವನ್ನಾದರೂ ಸ್ಟೀರಿಯೋದ ಪಕ್ಕ ಕೂರಿಸಿ ಅದೇ ಕೆಲಸ ಮಾಡಿಸಬಹುದಾಯಿತು. ಕಳ್ಳತನವಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಅವರ ಸ್ವಂತ ಪೆಟ್ಟಿಗೆ, ಅವರ ಸ್ವಂತ ಸಂಗೀತ, ಅವರದೇ ಮನೆ. ಇದರಲ್ಲಿ ಕದ್ದದ್ದು ಯಾರದನ್ನು?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಆಪಲ್, ಆ ಪೆಟ್ಟಿಗೆಗಳ ವ್ಯಾಪಾರವನ್ನು 2018ರ ಏಪ್ರಿಲಿನಲ್ಲಿ ನಿಲ್ಲಿಸಿದ ಮೇಲೂ, ಕೆಲವೇ ತಿಂಗಳಲ್ಲಿ 2012ರ ಮಾದರಿಗೆ ಹೊಸ ಏರ್‌ಪ್ಲೇ 2 ಸೌಲಭ್ಯವನ್ನು ಉಚಿತವಾಗಿ ಕೊಟ್ಟಿತು. ಮಾಡಬೇಕೆಂದರೆ ಮಾಡಬಹುದು ಎಂಬುದಕ್ಕೆ ಅದು ಸಾಕ್ಷಿ. ಅದಕ್ಕಿಂತ ದೊಡ್ಡ ಸಾಕ್ಷಿ ಸ್ಕ್ವೀಜ್‌ಬಾಕ್ಸಿನದು. ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ 2003ರಲ್ಲಿ ತಂದ ಯಂತ್ರ ಅದು. ಗಣಕದ ಕಡೆಯ ತಂತ್ರಾಂಶವನ್ನು ಮೊದಲಿನಿಂದಲೂ ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದಿಟ್ಟಿದ್ದರು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಆ ಯಂತ್ರಗಳನ್ನು ಕೈಬಿಟ್ಟಿತು, 2024ರಲ್ಲಿ ಅವಕ್ಕಾಗಿ ನಡೆಸುತ್ತಿದ್ದ ಅಂತರ್ಜಾಲ ಸೇವೆಯನ್ನೂ ಮುಚ್ಚಿತು. ಮೂರು ಸಲ ಅನಾಥವಾದ ಯಂತ್ರ ಇಂದಿಗೂ ಹಾಡುತ್ತಿದೆ. ಬಳಕೆದಾರರೇ ಆ ತಂತ್ರಾಂಶವನ್ನು ಲಿರಿಯಾನ್ ಎಂಬ ಹೊಸ ಹೆಸರಿನಲ್ಲಿ ಸಾಕುತ್ತಿದ್ದಾರೆ. ಹೊರಡುವವನು ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು ಹೋಗಿದ್ದ, ಅಷ್ಟೇ ವ್ಯತ್ಯಾಸ.

ಇನ್ನು, ಬ್ಲೂಟೂತ್ ಇದೆಯಲ್ಲ ಎನ್ನುವವರು. ಇದೆ, ಮತ್ತು ಅದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಒಪ್ಪಂದ. ಆ ಮಟ್ಟಿಗೆ ನನ್ನ ಪಕ್ಷದ್ದೇ. ಆದರೆ ಅದರ ಕೈ ಮೋಟು. ಮಹಡಿಯಿಂದ ಪಡಸಾಲೆಗೆ ಎರಡು ಗೋಡೆ ದಾಟುವಷ್ಟರಲ್ಲಿ ತೊದಲುತ್ತದೆ. ಎಲ್ಲ ಯಂತ್ರಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ಪದ್ಧತಿಯಲ್ಲಿ ಸಂಗೀತವನ್ನು ಸೆಕೆಂಡಿಗೆ 328 ಕಿಲೋಬಿಟ್ಟಿನ ಆಸುಪಾಸಿಗೆ ಹಿಂಡಿ ಕಳಿಸುತ್ತದೆ. ನನ್ನ ಮಕ್ಕಳ ದನಿಗೆ ಅದು ಸಾಕು ಎಂದು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಗೋಡೆಯೇ ತೊಂದರೆ. ಎರಡು ಸಾವಿರ ಕೊಟ್ಟು ಹೊಸ ಪೆಟ್ಟಿಗೆ ಕೊಳ್ಳಿ ಎನ್ನುವವರಿಗೆ ಮಾತ್ರ ನನ್ನಲ್ಲಿ ಸಹನೆಯಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಎರಡು ಸಾವಿರ ಎಂದರೆ ಅದು ಬೆಲೆಯಲ್ಲ, ಬಾಡಿಗೆ. ಬಾಡಿಗೆ ಎಂದು ಹೇಳಿ ಕೊಡಲಿ. ಕೊಳ್ಳಿ ಎಂದು ಏಕೆ ಬರೆಯುತ್ತಾರೆ?

ನಮ್ಮ ಸರ್ಕಾರಕ್ಕೂ ಈ ವಿಷಯ ತಿಳಿಯದ್ದಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಟ್ರ್ಯಾಕ್ಟರು, ಮೊಬೈಲು, ಫ್ರಿಜ್ಜು, ಕಾರುಗಳ ಬಿಡಿಭಾಗ ಮತ್ತು ಕೈಪಿಡಿಗಳು ಸಿಗಬೇಕೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ನನ್ನ ಪೆಟ್ಟಿಗೆಗೆ ಬೇಕಾದದ್ದು ಬಿಡಿಭಾಗವಲ್ಲ. ಅದರ ಎಲ್ಲ ಭಾಗಗಳೂ ಚೆನ್ನಾಗಿವೆ. ಅದಕ್ಕೆ ಬೇಕಾದದ್ದು ಒಂದು ಅನುಮತಿ. ಆದ್ದರಿಂದ ಕಾನೂನಿನಲ್ಲಿ ಇನ್ನೊಂದು ಸಾಲು ಬರಬೇಕೆಂದು ನಾನು ವಾದಿಸುತ್ತೇನೆ. ಒಂದು ಸಾಧನಕ್ಕೆ ಬೆಂಬಲ ನಿಲ್ಲಿಸುವ ಕಂಪನಿ, ನಿಲ್ಲಿಸುವ ದಿನವೇ, ಅದರೊಡನೆ ಮಾತನಾಡುವ ಕ್ರಮವನ್ನೂ ಕೀಲಿಯನ್ನೂ ಬಹಿರಂಗಪಡಿಸಬೇಕು. ಪೆಟ್ಟಿಗೆಯ ರಟ್ಟಿನ ಮೇಲೆ ಬೆಲೆಯ ಪಕ್ಕದಲ್ಲಿ, ಎಷ್ಟು ವರ್ಷ ನಡೆಸುತ್ತೇವೆ ಎಂಬುದನ್ನು ಅಚ್ಚು ಹಾಕಬೇಕು. ಬ್ರೆಡ್ಡಿನ ಪೊಟ್ಟಣದ ಮೇಲೆ ಹಾಕುತ್ತಾರೆ, ಮಾತ್ರೆಯ ಮೇಲೆ ಹಾಕುತ್ತಾರೆ. ಭದ್ರತೆಗಾಗಿ ಕೀಲಿ ಗುಟ್ಟಾಗಿರಬೇಕು ಎಂಬ ವಾದವನ್ನು ಬಲ್ಲೆ. ಮನೆಗೆ ಬೀಗ ಬೇಕು ಎಂಬುದರಲ್ಲಿ ತಕರಾರಿಲ್ಲ. ಬೀಗದ ಕೈ ಮನೆಯ ಯಜಮಾನನ ಸೊಂಟದಲ್ಲಿರಬೇಕೋ ಬಡಗಿಯ ಸೊಂಟದಲ್ಲಿರಬೇಕೋ ಎಂಬುದು ಪ್ರಶ್ನೆ.

ಆ ಹುಡುಗಿ ಹೋದ ಮರುದಿನವೇ ನಾನು ಅಂಗಡಿಗೆ ಹೋಗಿ 120 ರೂಪಾಯಿಗೆ ಒಂದು ತಂತಿ ತಂದೆ. ಒಂದು ತುದಿ ಲ್ಯಾಪ್‌ಟಾಪಿನ ಕಿವಿಯ ತೂತಿಗೆ, ಇನ್ನೊಂದು ತುದಿಯ ಕೆಂಪು ಬಿಳಿ ಪಿನ್ನುಗಳು ಆಂಪ್ಲಿಫೈಯರಿನ ಬೆನ್ನಿಗೆ. ಸ್ಪೀಕರಿನಲ್ಲಿ ಜೇನುಹುಳದಂತಹ ಗುಂಯ್‌ ಸದ್ದು ಬಂತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತೊಡನೆ ನಿಂತಿತು. ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿರುವ ನನ್ನ ಇನ್ನೊಬ್ಬ ಶಿಷ್ಯ ಒಂದು ಭಾನುವಾರ ಬಂದು, ರಾಸ್ಪ್‌ಬೆರಿ ಪೈ ಎಂಬ ಬೆಂಕಿಪೊಟ್ಟಣದಂತಹ ಗಣಕವನ್ನು ಆಂಪ್ಲಿಫೈಯರಿನ ಹಿಂದೆ ಕೂರಿಸಿ, ಶೇರ್‌ಪೋರ್ಟಿನ ಈಗಿನ ರೂಪವನ್ನೂ ಲಿರಿಯಾನನ್ನೂ ಹಾಕಿಕೊಟ್ಟ. ಈಗ ಮಹಡಿಯಿಂದ ಮತ್ತೆ ನಿಸ್ತಂತುವಾಗಿಯೇ ಕೇಳುತ್ತದೆ. ಯಾವ ಕಂಪನಿಯ ಖಾತೆಯೂ ಬೇಕಿಲ್ಲ. ಅವನು ಮಾಡಿದ್ದನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಒಂದು ನೋಟುಪುಸ್ತಕದಲ್ಲಿ ಬರೆಸಿಕೊಂಡಿದ್ದೇನೆ, ಕನ್ನಡದಲ್ಲಿ.

ಬೆಂಗಳೂರಿಗೆ ಫೋನು ಮಾಡಿ ತಿಳಿಸಿದೆ. "ದಸರೆಗೆ ಅಮ್ಮನನ್ನೂ ಕರ್ಕೊಂಡು ಬರ್ತೀನಿ ಸಾರ್" ಎಂದಳು. ಕಳೆದ ದಸರೆಗೆ ಬಂದರು. ಎಂಬತ್ತು ದಾಟಿದ ಆ ತಾಯಿಯನ್ನು ಎರಡೂ ಸ್ಪೀಕರುಗಳ ನಡುವೆ, ಸಮದೂರದಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ದ್ವಾರಪಾಲಕನ ಮಾತು ಒಟ್ಟು ಹನ್ನೊಂದು ಸೆಕೆಂಡಿನದು. ಏಳು ಸಲ ಕೇಳಿದರು. ಪೈ ಕೈಕೊಟ್ಟೀತೆಂದು ಆ ತಂತಿಯನ್ನು ಸುರುಳಿ ಸುತ್ತಿ ಆಂಪ್ಲಿಫೈಯರಿನ ಮೇಲೆಯೇ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ.